ನದಿ ಹರಿದರೆ ಸಾಲ ಹರಿಯುವುದೇ?

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹಕೀಮ ನಂಜುಂಡ ಎಂಬ ಇನ್ನೊಂದು ಹೆಸರಿದೆ. ಟಿಪ್ಪು ಸುಲ್ತಾನನ ಆನೆಗೆ ಕಣ್ಣುಬೇನೆ ಬಂದಿತ್ತೆಂದೂ, ಈ ದೇವರಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು 'ಹಕೀಮ' ಎಂದು ಕರೆದನೆಂದೂ ಐತಿಹ್ಯ. ಹಕೀಮ ಎಂದರೆ ಅರಬಿಯಲ್ಲಿ ವೈದ್ಯ. ಜ್ಞಾನಿ ಎಂದೂ ಅರ್ಥ. ಬಗ್ದಾದಿನ ವಿದ್ವಾಂಸರು ಪ್ಲೇಟೋ, ಅರಿಸ್ಟಾಟಲರನ್ನು ಕರೆಯುತ್ತಿದ್ದುದೂ ಇದೇ ಪದದಿಂದ. ನಮ್ಮ ಊರುಗಳಲ್ಲಿ ಇಂದಿಗೂ ಇರುವ ಯುನಾನಿ ವೈದ್ಯದ ಹೆಸರು ಬಂದದ್ದು ಅಯೋನಿಯಾ ಎಂಬ ಗ್ರೀಕ್ ನಾಡಿನಿಂದ. ಗ್ರೀಕ್ ತತ್ವಶಾಸ್ತ್ರದ ಬಗ್ಗೆ ಬರೆಯುವವರಿಗೆ ನಂಜನಗೂಡಿನಲ್ಲಿ ಏನು ಕೆಲಸ ಎಂದು ಕೇಳುವ ಓದುಗರಿಗೆ ಸದ್ಯಕ್ಕೆ ಇಷ್ಟು ಸಮಾಧಾನ ಸಾಕು.

ಆದರೆ ನಮ್ಮನ್ನು ಆ ಗ್ರೀಕರ ಬಳಿಗೆ ಕರೆದೊಯ್ದದ್ದು ಹಕೀಮ ಎಂಬ ಪದವಲ್ಲ, ಮುನ್ನೂರು ರೂಪಾಯಿಯ ಒಂದು ಸಾಲ.

ನಮಗೆ ಪರಿಚಯದ ಹಿರಿಯರೊಬ್ಬರು ನಂಜನಗೂಡಿನಲ್ಲಿ ಬಾಳೆಮಂಡಿ ನಡೆಸುತ್ತಿದ್ದರು. ಅವರ ತಂದೆಯದೂ ಅದೇ ವ್ಯಾಪಾರ. ಕಬಿನಿ ಅಣೆಕಟ್ಟು ಮುಗಿದ 1974ರ ಸುಮಾರಿನಲ್ಲಿ ತಂದೆ ಟಿ. ನರಸೀಪುರದ ಕಡೆಯ ರೈತರೊಬ್ಬರಿಂದ ರಸಬಾಳೆ ಗೊನೆಗಳನ್ನು ಸಾಲಕ್ಕೆ ತಂದಿದ್ದರು. ಎರಡು ವರ್ಷದ ನಂತರ ತೀರಿಕೊಳ್ಳುವ ಮುನ್ನ ಮಗನನ್ನು ಹತ್ತಿರ ಕರೆದು, ಇಂಥವರಿಗೆ ಮುನ್ನೂರು ರೂಪಾಯಿ ಕೊಡುವುದಿದೆ ಎಂದರು. ಮಗ ಆಗಲಿ ಎಂದರು. ಜನಾಜಾ ನಮಾಜಿಗೆ ಮುಂಚೆ, ತೀರಿಹೋದವರಿಗೆ ಸಾಲ ಕೊಟ್ಟವರಿದ್ದರೆ ನಮ್ಮನ್ನು ಕೇಳಿ ಎಂದು ವಾಡಿಕೆಯಂತೆ ಎಲ್ಲರೆದುರು ಹೇಳಿಯೂ ಹೇಳಿದರು. ಆ ರೈತ ಅಲ್ಲಿರಲಿಲ್ಲ. ಮುಂದಿನ ವಾರ ಹೋದರಾಯಿತು ಎಂದುಕೊಂಡರು. ಆ ಮುಂದಿನ ವಾರ ಬರಲು ಐವತ್ತು ವರ್ಷ ಹಿಡಿಯಿತು.

"ಆಗ ನನಗೆ ಇಪ್ಪತ್ತೆರಡು. ಈಗ ಎಪ್ಪತ್ತೆರಡಾಯ್ತು. ಆಗಲಿ ಅಂದ ಆ ಹುಡುಗ ನಾನೇನಾ ಅಂತ ನನಗೇ ಅನುಮಾನ ಬರ್ತದೆ. ಆದ್ರೆ ಸಾಲ ಮಾತ್ರ ಅದೇ ಸಾಲ," ಎಂದು ಅವರು ಒಂದು ಸಂಜೆ ಕಪಿಲೆಯ ಸೋಪಾನದ ಮೇಲೆ ಕುಳಿತು ಹೇಳಿದರು. ನಮ್ಮೆದುರಿಗೆ ಹದಿನಾರು ಕಾಲಿನ ಮಂಟಪವಿತ್ತು. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ಈ ಮಂಟಪ ಮುಳುಗಿ, ಊಟಿ ರಸ್ತೆಯ ಮೇಲೆಲ್ಲ ಹೊಳೆ ಹರಿದದ್ದನ್ನು ಊರವರು ಕಂಡಿದ್ದಾರೆ. ಆ ಸಂಜೆ ಅದೇ ಹೊಳೆ ಬಟ್ಟೆ ಒಗೆಯುವವರ ಮೊಣಕಾಲಿನ ಮಟ್ಟಕ್ಕಿತ್ತು. ಇದು ಅದೇ ಹೊಳೆಯೇ? ಇವರು ಅದೇ ಮನುಷ್ಯನೇ? ಈ ಎರಡು ಪ್ರಶ್ನೆಗಳು ಬೇರೆ ಬೇರೆಯಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದೆ ಕೆಲವರು ಇವನ್ನು ಕೊನೆಯವರೆಗೂ ಬೆನ್ನಟ್ಟಿದ್ದರು.

ಅವರಲ್ಲಿ ಎಲ್ಲರಿಗಿಂತ ಹಟವಾದಿ ಪಾರ್ಮೆನಿಡಿಸ್. ಕ್ರಿಸ್ತಪೂರ್ವ 515ರ ಆಸುಪಾಸಿನಲ್ಲಿ ಇಟಲಿಯ ದಕ್ಷಿಣ ಕರಾವಳಿಯ ಎಲಿಯಾ ಎಂಬ ಊರಿನಲ್ಲಿ ಹುಟ್ಟಿದವನು. ಅವನು ಬರೆದದ್ದು ಒಂದೇ ಒಂದು ಕಾವ್ಯ. ಅದರಲ್ಲಿ ನಮಗೆ ಉಳಿದಿರುವುದು ನೂರೈವತ್ತಕ್ಕೂ ತುಸು ಹೆಚ್ಚು ಸಾಲುಗಳು. ಒಬ್ಬ ತರುಣ ಕುದುರೆಗಳ ರಥವೇರಿ ಒಬ್ಬ ದೇವಿಯ ಬಳಿಗೆ ಹೋಗುತ್ತಾನೆ. ಆಕೆ ಅವನಿಗೆ ಎರಡು ದಾರಿಗಳನ್ನು ತೋರಿಸುತ್ತಾಳೆ: ಒಂದು ಸತ್ಯದ್ದು, ಇನ್ನೊಂದು ಜನರ ತೋರಿಕೆಯ ನಂಬಿಕೆಗಳದ್ದು.

ಸತ್ಯದ ದಾರಿಯ ವಾದ ಕೇಳಲು ವಿಚಿತ್ರ, ಬಿಡಿಸಿದರೆ ಸರಳ. ಇಲ್ಲದ್ದನ್ನು ಯೋಚಿಸಲು ಸಾಧ್ಯವಿಲ್ಲ. ಯೋಚಿಸಿದ ಕೂಡಲೇ ಅದು ಏನೋ ಒಂದು ಆಗಿಬಿಡುತ್ತದೆ. ಈಗ ಬದಲಾವಣೆ ಎಂದರೇನು? ನಿನ್ನೆ ಇಲ್ಲದ್ದು ಇಂದು ಬಂತು, ನಿನ್ನೆ ಇದ್ದದ್ದು ಇಂದು ಹೋಯಿತು ಎನ್ನುವುದು. ಬಂದದ್ದು ಎಲ್ಲಿಂದ ಬಂತು? ಇಲ್ಲದಿರುವಿಕೆಯಿಂದಲೇ? ಅದು ಇಲ್ಲವೇ ಇಲ್ಲ, ಅಲ್ಲಿಂದ ಏನು ಬಂದೀತು? ಹೋದದ್ದು ಎಲ್ಲಿಗೆ ಹೋಯಿತು? ಇಲ್ಲದಿರುವಿಕೆಗೇ? ಅಂಥ ಜಾಗವೇ ಇಲ್ಲ. ಆದ್ದರಿಂದ ಹುಟ್ಟಿಲ್ಲ, ಸಾವಿಲ್ಲ, ಚಲನೆಯಿಲ್ಲ, ಬಿರುಕಿಲ್ಲ. ಇರುವುದು ಒಂದೇ, ಅದು ಎಲ್ಲ ಕಡೆಯೂ ಸಮನಾದ ಗೋಳದಂತೆ ಪೂರ್ಣ, ಅಚಲ. ಹುಟ್ಟಿತು, ಸತ್ತಿತು, ಬದಲಾಯಿತು ಎಂಬುವೆಲ್ಲ ಮನುಷ್ಯರು ಇಟ್ಟುಕೊಂಡ ಬರೀ ಹೆಸರುಗಳು.

ಈ ಮಾತನ್ನು ನಗೆಯಾಡಿ ತಳ್ಳುವ ಮುನ್ನ ಟಿ. ನರಸೀಪುರಕ್ಕೆ ಹೋಗಿ ತಿರುಮಕೂಡಲಿನಲ್ಲಿ ನಿಂತು ನೋಡಬೇಕು. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬುದು ಭಕ್ತರ ನಂಬಿಕೆ. ಕೇರಳದ ವಯನಾಡಿನಿಂದ ಬಂದ ಕಪಿಲೆ ಇಲ್ಲಿಗೆ ಮುಗಿಯಿತು ಎನ್ನುತ್ತೇವೆ. ಮುಗಿದದ್ದೇನು? ಒಂದು ಹನಿ ನೀರೂ ಇಲ್ಲವಾಗಲಿಲ್ಲ. ಮುಗಿದದ್ದು ಹೆಸರು ಮಾತ್ರ. ಪಾರ್ಮೆನಿಡಿಸ್ ಈ ಸಂಗಮದ ಮರಳಿನ ಮೇಲೆ ನಿಂತಿದ್ದರೆ 'ನಾನು ಹೇಳಿದ್ದು ಇದನ್ನೇ' ಎನ್ನುತ್ತಿದ್ದನೇನೋ.

ನಮ್ಮ ನಾಡಿನ ಓದುಗರಿಗೆ ಈ ಮಾತು ಅಪರಿಚಿತವೂ ಅಲ್ಲ. ಹುಟ್ಟೆಂಬುದೇ ಇಲ್ಲ ಎಂದು ವಾದಿಸಿದ ಗೌಡಪಾದರ ಅದ್ವೈತ ಇದಕ್ಕೆ ಬಹಳ ಹತ್ತಿರ. ವ್ಯತ್ಯಾಸವೂ ಇದೆ. ಅದ್ವೈತಕ್ಕೆ ಆ ಒಂದು ಎಂಬುದು ಆತ್ಮ, ಅದನ್ನು ಅರಿಯುವುದೇ ಬಿಡುಗಡೆ. ಪಾರ್ಮೆನಿಡಿಸ್‌ನಲ್ಲಿ ಆತ್ಮದ ಮಾತಿಲ್ಲ, ಮೋಕ್ಷದ ಮಾತಿಲ್ಲ. ಅವನದು ತರ್ಕದ ನೇರ ನಡಿಗೆ: ಕಣ್ಣು ಒಂದು ಹೇಳಿ ಬುದ್ಧಿ ಇನ್ನೊಂದು ಹೇಳಿದರೆ ಬುದ್ಧಿಯನ್ನು ನಂಬು.

ಗುರುವನ್ನು ಜನ ಗೇಲಿ ಮಾಡಿದಾಗ ಶಿಷ್ಯ ಝೀನೋ ಮುಂದೆ ಬಂದ. ಚಲನೆಯಿದೆ ಎನ್ನುವವರ ಮಾತು ಇನ್ನೂ ಹೆಚ್ಚು ನಗೆಪಾಟಲು ಎಂದು ತೋರಿಸುವುದು ಅವನ ಕೆಲಸ. ಅವನ ಬಾಣದ ಒಗಟನ್ನು ನಂಜನಗೂಡಿನ ಹಳೆಯ ಸೇತುವೆಯ ಮೇಲಿಟ್ಟು ನೋಡಬಹುದು. 1735ರಲ್ಲಿ ಕಟ್ಟಿದ್ದೆನ್ನುವ ಈ ಸೇತುವೆ ದೇಶದ ಅತಿ ಹಳೆಯ ಸೇತುವೆಗಳಲ್ಲಿ ಒಂದು. 2007ರವರೆಗೂ ಇದರ ಮೇಲೆ ರೈಲು ಹೋಗುತ್ತಿತ್ತು. ಸೇತುವೆಯ ಮೇಲಿನ ರೈಲನ್ನು ಒಂದು ಕ್ಷಣದಲ್ಲಿ ನೋಡಿ. ಆ ಕ್ಷಣದಲ್ಲಿ ಅದು ತನ್ನ ಉದ್ದದಷ್ಟೇ ಜಾಗದಲ್ಲಿದೆ, ಅಂದರೆ ನಿಂತಿದೆ. ಮುಂದಿನ ಕ್ಷಣದಲ್ಲೂ ಹಾಗೆಯೇ. ಪ್ರತಿ ಕ್ಷಣವೂ ನಿಂತಿರುವ ರೈಲು ಚಾಮರಾಜನಗರ ತಲಪುವುದು ಯಾವಾಗ? ಇನ್ನೊಂದು ಒಗಟು: ಸೇತುವೆ ದಾಟಲು ಮೊದಲು ಅರ್ಧ ದಾಟಬೇಕು, ಅದಕ್ಕೆ ಮುಂಚೆ ಅದರ ಅರ್ಧ, ಅದಕ್ಕೂ ಮುಂಚೆ ಅದರರ್ಧ. ಅರ್ಧಗಳಿಗೆ ಕೊನೆಯಿಲ್ಲ, ಹಾಗಿದ್ದರೆ ರೈಲು ಹೊರಡುವುದಾದರೂ ಹೇಗೆ?

ಈ ಒಗಟು ಗ್ರೀಸಿನಲ್ಲೇ ಉಳಿಯಲಿಲ್ಲ. ಒಂಬತ್ತನೆಯ ಶತಮಾನದ ಬಸ್ರಾದಲ್ಲಿ ಮುಅತಝಿಲಾ ಪಂಥದ ಅಬುಲ್ ಹುದೈಲ್ ಮತ್ತು ಅವರ ಸೋದರಳಿಯ ನಝ್ಝಾಮ್ ಇದರ ಬಗ್ಗೆಯೇ ಜಗಳವಾಡಿದರು. ವಸ್ತುವನ್ನು ಒಡೆಯುತ್ತ ಹೋದರೆ ಒಡೆಯಲಾಗದ ಅಣು ಸಿಗುತ್ತದೆ ಎಂದು ಮಾವ. ಎಂದಿಗೂ ಸಿಗದು ಎಂದು ಅಳಿಯ. ಹಾಗಿದ್ದರೆ ಕಲ್ಲಿನ ಈ ಅಂಚಿನಿಂದ ಆ ಅಂಚಿಗೆ ಒಂದು ಇರುವೆ ದಾಟುವುದು ಹೇಗೆ ಎಂಬ ಸವಾಲಿಗೆ, ಅದು ಮಧ್ಯದ ಬಿಂದುಗಳನ್ನು ಮುಟ್ಟದೆ ಅಲ್ಲಲ್ಲಿ ನೆಗೆಯುತ್ತದೆ ಎಂದು ನಝ್ಝಾಮ್ ಉತ್ತರಿಸಿದರು. ಮುಂದೆ ಅಶ್ಅರೀ ಚಿಂತಕರು ಮತ್ತೂ ಒಂದು ಹೆಜ್ಜೆ ಇಟ್ಟರು. ಬಣ್ಣ, ಚಲನೆ, ಜೀವ ಮುಂತಾದ ಯಾವ ಗುಣವೂ ಎರಡು ಕ್ಷಣ ಬಾಳುವುದಿಲ್ಲ, ದೇವನು ಅವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಸೃಷ್ಟಿಸುತ್ತಾನೆ ಎಂದರು. ಪಾರ್ಮೆನಿಡಿಸ್ ಜಗತ್ತನ್ನು ಕಲ್ಲಾಗಿಸಿದ್ದರೆ ಇವರು ಅದನ್ನು ಪ್ರತಿಕ್ಷಣದ ಕೊಡುಗೆಯಾಗಿ ಕಂಡರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಲಿ, ಮುಂದೆ ಬೇಕಾಗುತ್ತದೆ.

ಬದಲಾವಣೆ ಭ್ರಮೆ ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪದಿರುವುದಕ್ಕೆ ಟಿ. ನರಸೀಪುರ ತಾಲ್ಲೂಕಿನ ತಲಕಾಡೇ ಕಾರಣ. ಗಂಗರ ರಾಜಧಾನಿಯಾಗಿದ್ದ, ಚೋಳರು ಆಳಿದ, 1116ರ ವೇಳೆಗೆ ಹೊಯ್ಸಳ ವಿಷ್ಣುವರ್ಧನ ಗೆದ್ದು ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ ಊರು ಅದು. ಮುಂದೆ ಅದನ್ನು ಮರಳು ನುಂಗಿತು. ಪಂಚಲಿಂಗ ದರ್ಶನಕ್ಕೆ ಹೋದವರು ಮರಳಿನ ದಿಬ್ಬಗಳ ನಡುವೆ ಇಳಿದು ಗುಡಿಗಳನ್ನು ನೋಡಿ ಬರುತ್ತಾರೆ. ಅಲಮೇಲಮ್ಮನ ಶಾಪ ಎಂದು ಜನ ಹೇಳುತ್ತಾರೆ. ನದಿಯ ತಿರುವು, ಬಯಲಾದ ಮರಳು, ಬೀಸುವ ಗಾಳಿ ಎಂದು ಭೂವಿಜ್ಞಾನ ಹೇಳುತ್ತದೆ. ಒಂದೊಂದೇ ಕಣ ಬಂದು ಕೂತಾಗ ಯಾರಿಗೂ ಏನೂ ಕಂಡಿರಲಾರದು. ಝೀನೋ ಹೇಳುವ ಹಾಗೆ ಪ್ರತಿ ಕ್ಷಣವೂ ಎಲ್ಲವೂ ನಿಂತಂತೆಯೇ ಇತ್ತು. ಆದರೂ ಒಂದು ದಿನ ಹೊಸ್ತಿಲು ಕಾಣಲಿಲ್ಲ. ಮರಳು ತುಂಬಿದ ಮನೆಯಿಂದ ಮಕ್ಕಳನ್ನು ಎತ್ತಿಕೊಂಡು ಹೊರಟ ತಾಯಿಗೆ, ಅಥವಾ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿ ಮುಳುಗಿದವರಿಗೆ, ಏನೂ ಬದಲಾಗಿಲ್ಲ, ಎಲ್ಲವೂ ಹೆಸರು ಮಾತ್ರ ಎಂದು ಹೇಳುವ ಧೈರ್ಯ ಯಾವ ತತ್ವಜ್ಞಾನಿಗಿದೆ? ಬದಲಾವಣೆಯನ್ನು ಭ್ರಮೆ ಎನ್ನುವ ಸೌಕರ್ಯ ಸಾಮಾನ್ಯವಾಗಿ ಅದರ ಪೆಟ್ಟು ಬೀಳದವರಿಗೆ ಇರುತ್ತದೆ.

ಇದೇ ತರ್ಕ ನಮ್ಮ ಬೀದಿಗಳಲ್ಲೂ ಓಡಾಡುತ್ತಿದೆ ಎಂಬುದನ್ನು ಗಮನಿಸಬೇಕು. 'ನಮ್ಮ ಸಂಸ್ಕೃತಿ ಎಂದೂ ಬದಲಾಗದ್ದು' ಎನ್ನುವವರು ಒಂದು ಕಡೆ. 'ನಮ್ಮ ಸಮುದಾಯ ಆರಂಭದಿಂದ ಹೀಗೆಯೇ ಇತ್ತು' ಎನ್ನುವವರು ಇನ್ನೊಂದು ಕಡೆ. ಇವೆರಡಕ್ಕಿಂತ ಅಪಾಯದ್ದು ಪರರ ಬಗ್ಗೆ ಆಡುವ ಮಾತು: 'ಅವರು ಹಾಗೆಯೇ, ಎಂದಿಗೂ ಬದಲಾಗರು.' ಇನ್ನೊಬ್ಬನಿಗೆ ಬದಲಾಗುವ ಶಕ್ತಿಯೇ ಇಲ್ಲ ಎನ್ನುವುದು ಅವನನ್ನು ಮನುಷ್ಯರ ಸಾಲಿನಿಂದ ತೆಗೆದು ಕಲ್ಲುಗಳ ಸಾಲಿಗೆ ಸೇರಿಸಿದಂತೆ. ಅರಬಿಯ ಹಕೀಮನೂ ಕನ್ನಡದ ನಂಜುಂಡನೂ ಒಂದೇ ಹೆಸರಿನಲ್ಲಿ ಕೂಡಿರುವ ಊರಿನ ಬಾಯಿಯಲ್ಲಿ ಅಂಥ ಮಾತು ಹೊಂದುವುದಿಲ್ಲ.

ಬದಲಾಗದಿರುವುದು ಎಷ್ಟು ದುಬಾರಿ ಎಂಬುದಕ್ಕೆ ನಂಜನಗೂಡಿನ ರಸಬಾಳೆಯೇ ಸಾಕ್ಷಿ. ಬಾಳೆಗೆ ಬೀಜವಿಲ್ಲ. ತಾಯಿಗಿಡ ಒಂದೇ ಗೊನೆ ಕೊಟ್ಟು ಮುಗಿಯುತ್ತದೆ. ಬುಡದ ಕಂದು ಬೆಳೆದು ಮತ್ತೆ ಗಿಡವಾಗುತ್ತದೆ. ತಾಯಿಯ ಗುಣವೆಲ್ಲ ಕಂದಿನಲ್ಲಿ ಹಾಗೆಹಾಗೆಯೇ ಇರುತ್ತದೆ. ಅಜ್ಜ ನೆಟ್ಟದ್ದೂ ಮೊಮ್ಮಗ ನೆಟ್ಟದ್ದೂ ಒಂದು ಅರ್ಥದಲ್ಲಿ ಒಂದೇ ಗಿಡ. ಪಾರ್ಮೆನಿಡಿಸ್ ಇಷ್ಟಪಡಬಹುದಾಗಿದ್ದ ಬೆಳೆ! ಆ ಕಂಪು, ಆ ರುಚಿ ತಲೆಮಾರುಗಳ ಕಾಲ ಕೆಡದೆ ಉಳಿದದ್ದು ಇದರಿಂದಲೇ. ಆದರೆ ಪನಾಮಾ ಸೊರಗು ರೋಗ ಬಂದಾಗ ಎಲ್ಲ ಗಿಡಗಳೂ ಒಂದೇ ಆಗಿದ್ದುದರಿಂದ ತಡೆದು ನಿಲ್ಲುವ ಗಿಡವೇ ಇರಲಿಲ್ಲ. ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ತೋಟಗಳು ಮಾತ್ರ ವಿರಳವಾದವು. ಹೆಸರು ಉಳಿಯಿತು, ಇರುವಿಕೆ ಕ್ಷೀಣಿಸಿತು. ಪಾರ್ಮೆನಿಡಿಸ್ ಹೇಳಿದ್ದಕ್ಕೆ ಇದು ತಿರುಗುಮುರುಗು.

ಹಾಗಾದರೆ ಎಲ್ಲವೂ ಬದಲಾಗುತ್ತದೆ ಎಂದು ಎದುರು ಪಕ್ಷ ಸೇರೋಣವೇ? ಅಲ್ಲಿ ಇನ್ನೊಂದು ಕಂದಕವಿದೆ. ಪಾರ್ಮೆನಿಡಿಸ್‌ನ ಕಾಲದವನೇ ಆದ ಸಿಸಿಲಿಯ ನಾಟಕಕಾರ ಎಪಿಕಾರ್ಮಸ್ ಹೆಸರಿನಲ್ಲಿ ಒಂದು ತಮಾಷೆ ಉಳಿದಿದೆ. ಸಾಲ ಪಡೆದವನೊಬ್ಬ, 'ಮನುಷ್ಯ ದಿನದಿನಕ್ಕೆ ಬದಲಾಗುತ್ತಾನೆ. ಸಾಲ ಪಡೆದವನು ಬೇರೆ, ಈಗ ನಿಂತಿರುವ ನಾನು ಬೇರೆ' ಎಂದು ಜಾರಿಕೊಳ್ಳುತ್ತಾನೆ. ಸಾಲ ಕೊಟ್ಟವನು ಅವನಿಗೆ ನಾಲ್ಕು ಬಿಗಿಯುತ್ತಾನೆ. ನ್ಯಾಯ ಕೇಳಿದಾಗ, 'ಹೊಡೆದವನು ಬೇರೆ, ಈಗ ನಿಂತಿರುವ ನಾನು ಬೇರೆ' ಎಂದುಬಿಡುತ್ತಾನೆ. ಎಲ್ಲವೂ ಹರಿಯುತ್ತದೆ ಎಂದರೆ ಸಾಲವೂ ಹರಿದುಹೋಗುತ್ತದೆ, ಏಟೂ ಹರಿದುಹೋಗುತ್ತದೆ, ಅನ್ಯಾಯವಾದವನಿಗೆ ಕೇಳಲು ಯಾರೂ ಉಳಿಯುವುದಿಲ್ಲ.

ನಮ್ಮ ಮಂಡಿಯ ಹಿರಿಯರು ಸಿಕ್ಕಿಕೊಂಡದ್ದು ಈ ಇಕ್ಕಟ್ಟಿನಲ್ಲೇ. ತೌಬಾ ಎಂದರೆ ಮರಳಿ ಬರುವುದು. ನಾನು ಎಂದೂ ಬದಲಾಗದವನಾದರೆ ಮರಳುವುದು ಅಸಾಧ್ಯ. ತಪ್ಪು ಮಾಡಿದವನು ಕೊನೆಯವರೆಗೂ ತಪ್ಪಿತಸ್ಥನೇ. ನಾನು ಪೂರ್ತಿ ಹೊಸಬನಾದರೆ ಮರಳಬೇಕಾದ ಕಾರಣವೇ ಇಲ್ಲ, ತಪ್ಪು ನನ್ನದಲ್ಲ. ತೌಬಾ ಸಾಧ್ಯವಾಗಬೇಕಾದರೆ ನಾನು ಬದಲಾಗಿಯೂ ಇರಬೇಕು, ನಾನೇ ಆಗಿಯೂ ಇರಬೇಕು. ಅದರಲ್ಲೂ ಮನುಷ್ಯರ ಹಕ್ಕಿಗೆ ಸಂಬಂಧಿಸಿದ ತಪ್ಪಾದರೆ ಕಣ್ಣೀರು ಸಾಲದು, ಕೊಡಬೇಕಾದ್ದನ್ನು ಕೊಡಲೇಬೇಕು ಎನ್ನುತ್ತಾರೆ ಉಲಮಾಗಳು.

ಬದಲಾವಣೆಯ ತತ್ವಜ್ಞಾನಿ ಎಂದು ಹೆಸರಾದ, ಅಯೋನಿಯಾದ ಎಫೆಸಸ್ ಊರಿನ ಹೆರಾಕ್ಲಿಟಸ್ ಇಲ್ಲಿ ನೆರವಾಗುತ್ತಾನೆ. ಒಂದೇ ನದಿಗೆ ಎರಡು ಬಾರಿ ಇಳಿಯಲಾಗದು ಎಂದು ಅವನ ಹೆಸರಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಅವನ ಮಾತಿನ ಹೆಚ್ಚು ನಂಬಲರ್ಹ ರೂಪದ ಅರ್ಥ ಬೇರೆ: ನದಿ ಅದೇ, ಹರಿದು ಬರುವ ನೀರು ಬೇರೆ ಬೇರೆ. ನೀರು ಹೋಗುತ್ತಿರುವುದರಿಂದಲೇ ಅದು ನದಿಯಾಗಿ ಉಳಿದಿದೆ. ನಿಂತರೆ ಕೆರೆ, ಬತ್ತಿದರೆ ಮರಳು. ಕೆಲವು ಸಂಗತಿಗಳು ಮತ್ತೆ ಮತ್ತೆ ಹೊಸದಾಗುವುದರಿಂದಲೇ ಉಳಿಯುತ್ತವೆ. ಬಸ್ರಾದ ಆಚೆ ಅಶ್ಅರಿಗಳು ಇಡೀ ಜಗತ್ತಿನ ಬಗ್ಗೆ ಹೇಳಿದ್ದು ಇದಕ್ಕೆ ದೂರವಲ್ಲ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂದು ಸ್ಥಾವರ ಜಂಗಮಗಳ ಮಾತಾಡಿದ ನಮ್ಮ ಶರಣರೂ ಈ ಗುಟ್ಟು ಬಲ್ಲವರೇ.

ಪಾರ್ಮೆನಿಡಿಸ್‌ನ ಬದುಕೂ ಇದನ್ನೇ ಹೇಳುತ್ತದೆ. ಅವನ ಊರಿನ ಹಿರಿಯರು ಮೂಲತಃ ಅಯೋನಿಯಾದ ಫೋಕಿಯಾದವರು. ಪರ್ಶಿಯನ್ನರ ದಾಳಿಗೆ ಊರು ಬಿಟ್ಟು ಹಡಗು ಹತ್ತಿದಾಗ ಅವರು ಕಬ್ಬಿಣದ ಗಟ್ಟಿಯೊಂದನ್ನು ಸಮುದ್ರಕ್ಕೆ ಎಸೆದು, ಇದು ಮೇಲೆ ತೇಲುವ ತನಕ ಮರಳುವುದಿಲ್ಲ ಎಂದು ಆಣೆ ಮಾಡಿದರೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಅರ್ಧಕ್ಕಿಂತ ಹೆಚ್ಚು ಜನ ಊರಿನ ಹಂಬಲ ತಾಳಲಾರದೆ ಆಣೆ ಮುರಿದು ಹಿಂದಿರುಗಿದರು. ಆಣೆ ಉಳಿಸಿಕೊಂಡವರು ಅಲೆದಲೆದು ಕೊನೆಗೆ ಕಟ್ಟಿದ ಊರು ಎಲಿಯಾ. ಅಂದರೆ, ಬದಲಾವಣೆಯೇ ಇಲ್ಲ ಎಂದವನು ಹುಟ್ಟಿದ್ದು ಎಲ್ಲವನ್ನೂ ಕಳೆದುಕೊಂಡು ಮಾತೊಂದನ್ನು ಮಾತ್ರ ಉಳಿಸಿಕೊಂಡವರ ನಡುವೆ. ಅವನೇ ಎಲಿಯಾಕ್ಕೆ ಕಾನೂನುಗಳನ್ನೂ ಬರೆದುಕೊಟ್ಟನಂತೆ. ಆ ಕಾನೂನುಗಳಿಗೆ ಬದ್ಧರಾಗಿರುತ್ತೇವೆಂದು ಪೌರರು ವರ್ಷವರ್ಷವೂ ಪ್ರಮಾಣ ಮಾಡಬೇಕಿತ್ತೆಂದು ಪ್ಲುಟಾರ್ಕ್ ಹೇಳುತ್ತಾನೆ. ಬದಲಾಗದ ಸತ್ಯವನ್ನು ಸಾರಿದವನ ಕಾನೂನು ಬದಲಾಗದೆ ಉಳಿಯಲು ಪ್ರತಿವರ್ಷ ಹೊಸದಾಗಿ ಆಡುವ ಮಾತು ಬೇಕಾಯಿತು.

ನಮಗೆ ತೋರುವುದಿಷ್ಟು. ಪಾರ್ಮೆನಿಡಿಸ್ ಕೇಳಿದ್ದು ಸರಿಯಾದ ಪ್ರಶ್ನೆ: ಏನಾದರೂ ಉಳಿಯದಿದ್ದರೆ ಸತ್ಯಕ್ಕೆ ಅರ್ಥವಿಲ್ಲ. ಆದರೆ ಆ ಉಳಿಯುವಿಕೆಯನ್ನು ಅವನು ಹುಡುಕಿದ ಜಾಗ ತಪ್ಪು. ಮನುಷ್ಯರ ನಡುವೆ ಉಳಿಯುವುದು ಕಲ್ಲಿನ ಗೋಳದ ಹಾಗೆ ತನ್ನಷ್ಟಕ್ಕೆ ಉಳಿಯುವುದಿಲ್ಲ. ಕೊಟ್ಟ ಮಾತು ಉಳಿಯುತ್ತದೆ, ಬದಲಾಗುವ ಮನುಷ್ಯ ಅದನ್ನು ಮತ್ತೆ ಮತ್ತೆ ಎತ್ತಿಕೊಂಡರೆ ಮಾತ್ರ.

ಮುನ್ನೂರು ರೂಪಾಯಿಯನ್ನು ಹೇಗೆ ಕೊಡುವುದೆಂದು ಹಿರಿಯರು ಮೌಲವಿಯೊಬ್ಬರನ್ನು ಕೇಳಿದ್ದರು. ಐವತ್ತು ವರ್ಷದ ಹಿಂದಿನ ಮುನ್ನೂರು ಇಂದಿನ ಮುನ್ನೂರೇ? ಲೆಕ್ಕದ ಪ್ರಕಾರ ಸಾಲ ಮುನ್ನೂರೇ, ಹೆಚ್ಚು ಕೊಟ್ಟರೆ ಅದು ನಿಮ್ಮ ಒಳ್ಳೆಯತನ ಎಂದು ಅವರು ಹೇಳಿದರಂತೆ. ಇವರು ಮಂಡಿಯ ಇಂದಿನ ದರದಲ್ಲಿ ಅಷ್ಟು ಗೊನೆಗಳ ಬೆಲೆ ಕಟ್ಟಿ, ಹಣವನ್ನು ಲಕೋಟೆಯಲ್ಲಿಟ್ಟು, ನಮ್ಮನ್ನೂ ಜೊತೆಗೆ ಕರೆದುಕೊಂಡು ಟಿ. ನರಸೀಪುರದ ಬಸ್ಸು ಹತ್ತಿದರು.

ಆ ರೈತ ತೀರಿಹೋಗಿ ಬಹಳ ಕಾಲವಾಗಿತ್ತು, ಅವರ ಮಗನೂ ಇರಲಿಲ್ಲ. ಮೊಮ್ಮಗ ಸಿಕ್ಕಿದ. ರಸಬಾಳೆಯಿದ್ದ ಜಮೀನಿನಲ್ಲಿ ಈಗ ಕಬ್ಬು. ವಿಷಯ ಕೇಳಿ ಅವನು ತಬ್ಬಿಬ್ಬಾದ. "ನಮ್ ತಾತ ಇದನ್ನ ಯಾವತ್ತೂ ಹೇಳೇ ಇಲ್ವಲ್ಲ ಸಾಹೇಬ್ರೆ. ನೀವು ಕೊಡ್ದೇ ಇದ್ರೂ ನಮ್ಗೆ ಗೊತ್ತಾಗ್ತಾ ಇರ್ಲಿಲ್ಲ."

"ನಿಂಗೆ ಗೊತ್ತಾಗ್ತಿರ್ಲಿಲ್ಲ ಕಣಪ್ಪ, ನಂಗೆ ಗೊತ್ತಿತ್ತಲ್ಲ," ಎಂದರು ಇವರು.

ಅವನು ಒಳಗಿನಿಂದ ಲೆಕ್ಕದ ಪುಸ್ತಕ ತಂದು, ಪೆನ್ನು ಹಿಡಿದು, ತಡವರಿಸಿ ಕೇಳಿದ: "ಯಾರ ಹೆಸ್ರಲ್ಲಿ ಬರ್ಕೊಳ್ಲಿ? ಕೊಡ್ತಿರೋರು ನೀವು, ತಕೊಂಡೋರು ನಿಮ್ಮಪ್ಪ."

ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಂದೆಯ ಹೆಸರು ಹೇಳಿದರು. ಅವನು ಬರೆದುಕೊಂಡ. ತನ್ನ ತಾತನ ಹೆಸರನ್ನೂ ಪಕ್ಕದಲ್ಲಿ ಬರೆದ. ಇಬ್ಬರೂ ಇಲ್ಲ. ಐವತ್ತು ವರ್ಷದ ಹಿಂದೆ ಮುಗಿಯಬೇಕಾಗಿದ್ದ ವ್ಯವಹಾರ ಆ ಸಾಲಿನಲ್ಲಿ ಆ ದಿನ ಮುಗಿಯಿತು. ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಆಗಾಗ ಕಪಿಲೆ ಕಾಣಿಸುತ್ತಿತ್ತು. ಹಿರಿಯರು ಅದನ್ನು ನೋಡಲಿಲ್ಲ. ನಂಜನಗೂಡು ಬರುವ ತನಕ ಗಾಢವಾಗಿ ನಿದ್ದೆ ಮಾಡಿದರು.